ಗಿರಾಕಿಗೆ ಬರೆದ ನಾಲ್ಕು ಸಾಲು

ಸಂತೆಯಲ್ಲಿ ಸೊಪ್ಪು ಕೊಂಡಾಗ, ಲೆಕ್ಕದ ಕಟ್ಟುಗಳನ್ನು ಚೀಲಕ್ಕೆ ಹಾಕಿದ ಮೇಲೆ, ಸೊಪ್ಪಿನವಳು ನಾಲ್ಕು ಎಸಳು ಕೊತ್ತಂಬರಿಯನ್ನೋ ಎರಡು ಹಸಿಮೆಣಸಿನಕಾಯನ್ನೋ ಮೇಲೆ ಹಾಕಿಕೊಡುವುದುಂಟು. ಇದಕ್ಕೆ ಕೊಸರು ಎಂದು ಹೆಸರು. ಇದು ತೂಕಕ್ಕೆ ಸೇರಿದ್ದಲ್ಲ, ಲೆಕ್ಕಕ್ಕೆ ಬರುವುದಲ್ಲ. ಆದರೂ ಕೊಸರು ಹಾಕುವವಳ ಬಳಿಗೇ ಮರುವಾರ ನಮ್ಮ ಕಾಲು ಎಳೆಯುತ್ತದೆ. ಆ ಎರಡು ಮೆಣಸಿನಕಾಯಿಯ ಆಸೆಗೆ ನಾವು ಹೋಗುತ್ತೇವೆಂದು ಯಾರೂ ಹೇಳಲಾರರು. ನಮ್ಮನ್ನು ಆಕೆ ಬರಿಯ ದುಡ್ಡಿನ ಚೀಲವೆಂದು ಕಾಣಲಿಲ್ಲ, ಮನುಷ್ಯರೆಂದು ಕಂಡಳು, ಅಷ್ಟೆ. ಈ ಹೊತ್ತು ನಾನು ಹೇಳಹೊರಟಿರುವುದು ಇಂಥದೇ ಇನ್ನೊಂದು ಕೊಸರಿನ ವಿಚಾರ. ವ್ಯಾಪಾರವೆಲ್ಲ ಮುಗಿದ ಮೇಲೆ ಅಂಗಡಿಯ ಯಜಮಾನರು ಗಿರಾಕಿಗೆ ಕೈಯಾರೆ ಬರೆದು ಹಾಕುವ ನಾಲ್ಕು ಸಾಲಿನ ಕಾಗದ.

ವ್ಯಾಕರಣ ಹೇಳುವ ಮೇಷ್ಟರಿಗೆ ವ್ಯಾಪಾರದ ಗೊಡವೆ ಏಕೆಂದು ನೀವು ಕೇಳಬಹುದು. ಪತ್ರಲೇಖನವೆಂಬುದು ಪ್ರೌಢಶಾಲೆಯ ಕನ್ನಡ ಪಾಠದ ಒಂದು ಭಾಗವಷ್ಟೆ. ರಜೆ ಕೇಳುವ ಪತ್ರ, ತಂದೆಗೆ ಪತ್ರ, ಪುಸ್ತಕದ ಅಂಗಡಿಗೆ ಪತ್ರ, ಇವೆಲ್ಲವನ್ನೂ ಹುಡುಗರು ಪರೀಕ್ಷೆಗಾಗಿ ಬರೆಯುತ್ತಾರೆ. ಆಮೇಲೆ ಜೀವಮಾನದಲ್ಲಿ ಒಂದನ್ನೂ ಬರೆಯುವುದಿಲ್ಲ. ಇಷ್ಟು ಕಾಲ ಕಲಿಸಿದ್ದು ಎಲ್ಲಿಯಾದರೂ ಬಳಕೆಗೆ ಬಂದೀತೆ ಎಂದು ಹುಡುಕುವವನ ಕಣ್ಣಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬೀಳುತ್ತದೆ.

ಮೊದಲು ಮಾತಿನ ವಿಚಾರವನ್ನೇ ನೋಡೋಣ. ನಮ್ಮಲ್ಲಿ ಹೆಜ್ಜೆಹೆಜ್ಜೆಗೂ ಧನ್ಯವಾದ ಹೇಳುವ ರೂಢಿ ಇಲ್ಲ. ನೀರು ಕೊಟ್ಟ ತಾಯಿಗೆ ಮಗ ಧನ್ಯವಾದ ಹೇಳಿದರೆ ಆಕೆ ಇವನಿಗೇನಾಯಿತೆಂದು ಹಣೆ ಮುಟ್ಟಿ ನೋಡಿಯಾಳು. ಹಾಗೆಂದು ನಾವು ಉಪಕಾರ ನೆನೆಯದ ಜನವಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆ ನಮ್ಮದೇ. ನೆನೆಯುವುದು ನಮಗೆ ಸಹಜ. ಅದನ್ನು ಬಾಯಿಬಿಟ್ಟು ಹೇಳುವುದು ಸಂಕೋಚ. ಸಂಸ್ಕೃತದ ಕೃತಜ್ಞ ಎಂಬ ಶಬ್ದವನ್ನು ಬಿಡಿಸಿದರೆ ಮಾಡಿದ್ದನ್ನು ಬಲ್ಲವನು ಎಂದಾಗುತ್ತದೆ. ಅಲ್ಲಿ ಬಲ್ಲವನು ಎಂದಿದೆಯೇ ಹೊರತು ಹೇಳುವವನು ಎಂದಿಲ್ಲ. ಕೃತಘ್ನ ಎಂದರೆ ಮಾಡಿದ್ದನ್ನು ಕೊಂದವನು. ಧನ್ಯವಾದವೆಂಬುದು ಮಾತ್ರ ಹೇಳಿಯೇ ಆಗಬೇಕಾದದ್ದು, ವಾದ ಎಂದರೆ ಮಾತು. ನೀವು ಧನ್ಯರು ಎಂಬ ಮಾತೇ ಧನ್ಯವಾದ. ಧನ್ಯ ಎಂಬುದರ ಬೇರು ಧನದಲ್ಲಿದೆ. ಆದುದರಿಂದ ವರ್ತಕರ ಬಾಯಲ್ಲಿ ಈ ಮಾತು ಅಸಹಜವೇನೂ ಅಲ್ಲ ಎಂದು ನಗುತ್ತ ಹೇಳಬಹುದು. ಆದರೆ ಕಾಗದದಲ್ಲಿ ನನಗೆ ಹೆಚ್ಚು ಹಿತವಾಗಿ ಕಾಣುವುದು ನಮ್ಮ ಹಿರಿಯರ ಮಾತು: "ನಿಮ್ಮಿಂದ ಉಪಕಾರವಾಯಿತು."

ನಮ್ಮ ವರ್ತಕರೂ ಬೇರೆ ಬೇರೆ ರೀತಿಯಲ್ಲಿ ಇದನ್ನು ಹೇಳುತ್ತಲೇ ಬಂದಿದ್ದಾರೆ. ಆಯುಧಪೂಜೆಯ ದಿನ ಅಂಗಡಿಗೆ ಬಂದವರ ಕೈಗೆಲ್ಲ ಕಡಲೆಪುರಿಯ ಪೊಟ್ಟಣ ಬೀಳುತ್ತದೆ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆಗೆ ಗಿರಾಕಿಗಳನ್ನು ಕರೆದು ಎಲೆಯಡಿಕೆ, ಸಿಹಿ ಕೊಡುವ ಮನೆತನಗಳು ಉತ್ತರ ಕರ್ನಾಟಕದ ಪೇಟೆಗಳಲ್ಲಿ ಇಂದಿಗೂ ಇವೆ. ಹೊಸ ವರ್ಷಕ್ಕೆ ಕ್ಯಾಲೆಂಡರು ಬರುತ್ತದೆ. ದಿನವೂ ಒಂದೇ ಮನೆಗೆ ಹಾಲು ಹಾಕುವವರು ಆ ಮನೆಯನ್ನು ವರ್ತನೆಯ ಮನೆ ಎನ್ನುತ್ತಿದ್ದರು. ವರ್ತನೆ ಎಂದರೆ ನಡೆದುಕೊಂಡು ಬರುವುದು, ನಡೆಸಿಕೊಂಡು ಹೋಗುವುದು. ಕೊಡುವವಳು ಕೊಳ್ಳುವವಳು ಇಬ್ಬರಿಗೂ ಸಲ್ಲುವ ಮಾತು. ಇಂದು ಕಸ್ಟಮರ್ ಎನ್ನುವಲ್ಲಿ ಈ ಎರಡು ಕಡೆಯ ನಡೆ ಇಲ್ಲವೆಂದು ನನಗನ್ನಿಸುತ್ತದೆ. ಪಂಡಿತರ ಹಟವೆಂದು ನೀವು ತಳ್ಳಿಹಾಕಿದರೂ ಬೇಸರವಿಲ್ಲ.

ಈಗ ಕಾಲ ಬೇರೆಯಾಗಿದೆ. ಕೊಳ್ಳುವವರು ಅಂಗಡಿಯ ಮೆಟ್ಟಲು ಹತ್ತುವ ಅಗತ್ಯವೇ ಇಲ್ಲ. ಅಂಗೈಯ ಫೋನಿನಲ್ಲಿ ಬೆರಳಾಡಿಸಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಬಂದ ಮರುಕ್ಷಣ ಧನ್ಯವಾದವೂ ಬರುತ್ತದೆ. ಯಂತ್ರ ಕಳಿಸಿದ್ದು, ಯಾರೂ ಬರೆಯದೆ ಇದ್ದದ್ದು. ಅದನ್ನು ಓದುವವರೂ ಇಲ್ಲ. ಸಣ್ಣ ಊರಿನ ಅಂಗಡಿಗಳಿಗೆ ಬೆಲೆಯಲ್ಲಿ ಆ ದೊಡ್ಡ ಕಂಪನಿಗಳೊಡನೆ ಸೆಣಸುವುದು ಸಾಧ್ಯವಿಲ್ಲ. ಅವುಗಳ ಬಳಿ ಇಲ್ಲದ್ದು, ಇವರ ಬಳಿ ಇರುವುದು ಏನೆಂದು ಕೇಳಿದರೆ, ಕೊಂಡವರ ಮುಖದ ನೆನಪು ಎನ್ನಬೇಕು.

ಈ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಲ್ಲೂಕು ಕೇಂದ್ರವೊಂದರಲ್ಲಿ ಮಿಕ್ಸಿ, ಗ್ರೈಂಡರು, ಫ್ಯಾನು ಮಾರುತ್ತಾನೆ. ಒಂದೆರಡು ವರ್ಷಗಳಿಂದ ಅವನಿಗೆ ಇಳಿಮುಖ. ಜನ ಅಂಗಡಿಗೆ ಬಂದು ಮುಟ್ಟಿ ನೋಡುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಮನೆಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ಕೆಲಸಕ್ಕಿದ್ದ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಬಿಡಿಸಬೇಕಾದೀತೆಂದು ಕುಳಿತಿದ್ದ. ಒಂದು ದಿನ ಬಂದು, "ಮೇಷ್ಟ್ರೇ, ಒಂದು ಒಳ್ಳೇ ಧನ್ಯವಾದ ಪತ್ರ ಬರೆದುಕೊಡಿ. ಸಾವಿರ ಪ್ರತಿ ಅಚ್ಚು ಹಾಕಿಸಿ ಗಿರಾಕಿಗಳಿಗೆಲ್ಲ ಹಂಚಿಬಿಡ್ತೀನಿ" ಎಂದ.

"ಅಲ್ಲಪ್ಪ, ಸಾವಿರ ಜನಕ್ಕೆ ಒಂದೇ ಕಾಗದವಾದರೆ ಅದು ಕರಪತ್ರವಾಯಿತಲ್ಲ. ಕಳೆದ ವಾರ ನಿನ್ನ ಅಂಗಡಿಗೆ ಬಂದವರು ಯಾರು ಯಾರು, ಹೇಳು ನೋಡೋಣ" ಎಂದೆ.

ಅವನು ಬೆರಳು ಮಡಿಸಿ ಎಣಿಸತೊಡಗಿದ. ಮಳೆಯಲ್ಲಿ ಎರಡು ಸಲ ಬಂದು ಗ್ರೈಂಡರು ನೋಡಿಹೋದ ಅಂಗನವಾಡಿಯ ಟೀಚರು. ಮಗಳ ಮದುವೆಗೆ ಫ್ಯಾನು ಕೊಂಡ ಹೋಟಲಿನ ಅಡಿಗೆಯವರು. ಮಿಕ್ಸಿಯ ಜಾರಿಗೆ ಮುಚ್ಚಳ ಕೇಳಿಕೊಂಡು ಬಂದ ಅಜ್ಜಿ. ಹನ್ನೊಂದು ಜನರ ಸಂಗತಿಯನ್ನು ತಡವರಿಸದೆ ಹೇಳಿದ. ಇವನ ತಲೆಯಲ್ಲಿ ಹನ್ನೊಂದು ಬೇರೆ ಬೇರೆ ಕಾಗದಗಳು ಆಗಲೇ ಬರೆದಿದ್ದವು, ಇಳಿಸುವುದೊಂದೇ ಬಾಕಿ. ಅಲ್ಲಿಯೇ ಕೂಡಿಸಿ ಒಂದನ್ನು ಬರೆಸಿದೆ. ಅದು ಹೀಗೆ ಬಂತು:

"ಶ್ರೀಮತಿ ಟೀಚರವರಿಗೆ ವಂದನೆಗಳು. ಸೋಮವಾರ ನಮ್ಮಲ್ಲಿ ಗ್ರೈಂಡರು ತೆಗೆದುಕೊಂಡಿರಿ. ಬಗ್ಗಿ ಹಿಟ್ಟು ತೆಗೆಯಲು ನಿಮ್ಮ ಅತ್ತೆಯವರಿಗೆ ಕಷ್ಟವೆಂದು ಹೇಳಿದ್ದಿರಿ. ಓರೆ ಮಾಡುವ ಗ್ರೈಂಡರು ಅವರಿಗೆ ಅನುಕೂಲವಾಗಿದೆ ಎಂದು ನಂಬಿದ್ದೇನೆ. ಮಳೆಯಲ್ಲಿ ಎರಡು ಸಲ ನಮ್ಮ ಅಂಗಡಿಯವರೆಗೆ ಬಂದಿರಿ. ನಿಮ್ಮಿಂದ ಉಪಕಾರವಾಯಿತು."

ಇಷ್ಟೇ. ಇದರಲ್ಲಿ ಅಲಂಕಾರವಿಲ್ಲ, ಸಮಾಸವಿಲ್ಲ. ಆದರೆ ಈ ಕಾಗದವನ್ನು ಬೇರೆ ಯಾರಿಗೂ ಕಳಿಸಲು ಬಾರದು, ನೋಡಿ. ಮಳೆ ಅವರದು, ಅತ್ತೆ ಅವರವರು, ಸೋಮವಾರವೂ ಅವರದೇ. ಬೇರೊಬ್ಬರಿಗೆ ಸಲ್ಲದ ಕಾಗದವೇ ಒಳ್ಳೆಯ ಕಾಗದ.

ಹನ್ನೊಂದು ಕಾಗದ ಹೋದವು. ಒಂದು ವಿಳಾಸ ಸರಿಯಿಲ್ಲದೆ ಹಿಂದಿರುಗಿತು. ನಾಲ್ಕೈದು ಕಡೆಯಿಂದ ಯಾವ ಸುದ್ದಿಯೂ ಇಲ್ಲ. ಆದರೆ ಆ ಟೀಚರು ಹದಿನೈದು ದಿನದ ಮೇಲೆ ಬಂದರು, ಸಿಟ್ಟಿನಿಂದಲೇ ಬಂದರು. ಗ್ರೈಂಡರಿನ ತಳದಲ್ಲಿ ನೀರು ಸೋರುತ್ತಿತ್ತಂತೆ. "ಇನ್ನು ಈ ಅಂಗಡಿ ಕಡೆ ತಲೆ ಹಾಕಬಾರದು ಅಂತಿದ್ದೆ. ನಿಮ್ಮ ಕಾಗದ ಬಂತು. ಇಷ್ಟು ಬರೆದವರಿಗೆ ಒಂದು ಮಾತು ಹೇಳಿಯೇ ಬಿಡೋಣ ಅಂತ ಬಂದೆ" ಎಂದರು. ಅವನು ಅಂದೇ ಹುಡುಗನನ್ನು ಕಳಿಸಿ ರಿಪೇರಿ ಮಾಡಿಸಿದ. ಆ ಕಾಗದ ಇಲ್ಲದಿದ್ದರೆ ಅವರು ಬರುತ್ತಿರಲಿಲ್ಲ. ಇವನಿಗೆ ಸೋರುವುದು ತಿಳಿಯುತ್ತಿರಲಿಲ್ಲ. ಅಂಗನವಾಡಿಗೆ ಬರುವ ತಾಯಂದಿರಿಗೆಲ್ಲ ಮಾತ್ರ ತಿಳಿದಿರುತ್ತಿತ್ತು. ದೂರು ಹೇಳುವ ಗಿರಾಕಿ ಇನ್ನೂ ನಮ್ಮವರೇ. ಸುಮ್ಮನಾದವರೇ ಹೋದವರು.

ಇದರಿಂದ ವ್ಯಾಪಾರ ಎಷ್ಟು ಹೆಚ್ಚಿತೆಂದು ಕೇಳಿದರೆ, ಲೆಕ್ಕ ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಬಿಡಿಸಬೇಕೆಂದಿದ್ದ ಹುಡುಗ ಈಗಲೂ ಇದ್ದಾನೆ. ಅದಕ್ಕೆ ಕಾಗದವೇ ಕಾರಣವೆನ್ನುವುದು ದುಡುಕಾದೀತು.

ವ್ಯಾಪಾರದಲ್ಲಿ ಈ ಬಗೆಯ ಕಾಗದದ ಸುದ್ದಿ ಬಂದಾಗ ಅಮೆರಿಕದ ಜೋ ಗಿರಾರ್ಡ್ ಅವರ ಹೆಸರನ್ನು ಹೇಳುವುದು ವಾಡಿಕೆ. ಡೆಟ್ರಾಯಿಟ್ ಬಳಿಯ ಷೆವ್ರೊಲೆ ಮಳಿಗೆಯೊಂದರಲ್ಲಿ ಅವರು 1963ರಿಂದ 1977ರ ವರೆಗೆ 13,001 ಕಾರುಗಳನ್ನು ಮಾರಿದರು. 1973ರ ಒಂದೇ ವರ್ಷದಲ್ಲಿ 1,425. ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಅವರ ಹೆಸರು ಸೇರಿತು. 2019ರಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮಲ್ಲಿ ಕಾರು ಕೊಂಡ ಸಾವಿರಾರು ಮಂದಿಗೂ ತಿಂಗಳಿಗೊಂದರಂತೆ ಅವರು ಕಾರ್ಡು ಕಳಿಸುತ್ತಿದ್ದರು. ನೀವೆಂದರೆ ನನಗೆ ಇಷ್ಟ ಎಂಬುದೇ ಅದರ ಸಾರಾಂಶ. ಆದರೆ ಅವು ಅಚ್ಚು ಹಾಕಿಸಿದ ಕಾರ್ಡುಗಳು. ಅಷ್ಟು ಜನಕ್ಕೆ ಕೈಯಲ್ಲಿ ಬರೆಯಲು ಯಾರಿಂದಲೂ ಆಗದು. ಗಿರಾರ್ಡ್ ಅವರದು ಮಹಾಸಾಹಸವೇ ಸರಿ. ಆದರೂ ನಮ್ಮ ಊರಿನ ಅಂಗಡಿಗೆ ಅದು ಮಾದರಿಯಲ್ಲವೆಂದೇ ನನ್ನ ಅಭಿಪ್ರಾಯ. ಪ್ರತಿ ತಿಂಗಳೂ ಒಬ್ಬರಿಂದ ನೀವು ನನಗೆ ಇಷ್ಟ ಎನ್ನಿಸಿಕೊಂಡರೆ ನಮ್ಮ ಜನ ಗಾಬರಿಯಾದಾರು.

ಇನ್ನೊಬ್ಬರು ಡಗ್ ಕಾನಂಟ್. ಕ್ಯಾಂಪ್‌ಬೆಲ್ ಸೂಪ್ ಎಂಬ ಕಂಪನಿಯ ಮುಖ್ಯಾಧಿಕಾರಿಯಾಗಿ 2001ರಿಂದ 2011ರ ವರೆಗೆ ಇದ್ದವರು. ಅವರು ಬರೆದದ್ದು ಗಿರಾಕಿಗಳಿಗಲ್ಲ, ತಮ್ಮ ಕಂಪನಿಯ ಕೆಲಸಗಾರರಿಗೆ. ಆದರೆ ಕೈಯಿಂದಲೇ ಬರೆದರು, ದಿನಕ್ಕೆ ಹತ್ತರಿಂದ ಇಪ್ಪತ್ತು. ಹತ್ತು ವರ್ಷದಲ್ಲಿ ಸುಮಾರು 30,000 ಚೀಟಿಗಳಾದವಂತೆ. ಯಾರು ಎಲ್ಲಿ ಯಾವ ಒಳ್ಳೆಯ ಕೆಲಸ ಮಾಡಿದರೆಂಬ ಸುದ್ದಿಯನ್ನು ಮೊದಲು ತರಿಸಿಕೊಂಡು, ಆ ಕೆಲಸವನ್ನೇ ಹೆಸರಿಸಿ ಬರೆಯುತ್ತಿದ್ದರು. 2009ರಲ್ಲಿ ಅವರಿಗೆ ವಾಹನಾಪಘಾತವಾಗಿ ಆಸ್ಪತ್ರೆಯಲ್ಲಿದ್ದಾಗ, ಹಿಂದೆ ಅವರಿಂದ ಕಾಗದ ಪಡೆದವರು ಅನೇಕರು ಅವರಿಗೆ ಕಾಗದ ಬರೆದರು.

ಕೈಬರಹಕ್ಕೆ ಅಷ್ಟು ಬಲವಿದೆಯೆ ಎಂಬುದನ್ನು ವಿದ್ವಾಂಸರು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಟೆಕ್ಸಾಸಿನ ಪ್ರಾಧ್ಯಾಪಕ ರ್ಯಾಂಡಿ ಗಾರ್ನರ್ ಅವರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಒಂದು ಪ್ರಶ್ನಾವಳಿಯನ್ನು ಮೂರು ಗುಂಪಿನವರಿಗೆ ಕಳಿಸಿದರು. ಬರಿಯ ಅಚ್ಚಿನ ಕಾಗದ ಪಡೆದವರಲ್ಲಿ ತುಂಬಿ ಹಿಂದಿರುಗಿಸಿದವರು ನೂರಕ್ಕೆ 36. ಅದೇ ಕಾಗದದ ಮೇಲೆ ಕೈಯಲ್ಲಿ ಒಂದು ಸಾಲು ಬರೆದು ಕಳಿಸಿದಾಗ 48. ಅಂಟುವ ಸಣ್ಣ ಹಳದಿ ಚೀಟಿಯಲ್ಲಿ ಬರೆದು ಮೇಲೆ ಹಚ್ಚಿದಾಗ 75ಕ್ಕೂ ಮೇಲೆ. ಇದಕ್ಕೂ ಹತ್ತು ವರ್ಷ ಹಿಂದೆ, 1995ರಲ್ಲಿ, ಬ್ರೂಸ್ ರಿಂಡ್ ಮತ್ತು ಪ್ರಶಾಂತ್ ಬೋರ್ಡಿಯಾ ಎಂಬವರು ಅಮೆರಿಕದ ಒಂದು ಊಟದ ಮನೆಯಲ್ಲಿ, ಬಡಿಸುವಾಕೆ ಬಿಲ್ಲಿನ ಹಿಂಭಾಗದಲ್ಲಿ ಕೈಯಾರೆ ಧನ್ಯವಾದ ಎಂದು ಬರೆದರೆ ಭಕ್ಷೀಸು ನೂರಕ್ಕೆ ಸುಮಾರು 16ರಿಂದ 18ಕ್ಕೆ ಏರುವುದನ್ನು ಕಂಡರು.

ಎಲ್ಲ ಪ್ರಯೋಗಗಳೂ ಹೀಗೆಯೇ ಸಿಹಿಯಾಗಿಲ್ಲ. ಆನ್ಯಾ ಸಾಮೆಕ್, ಚಕ್ ಲಾಂಗ್‌ಫೀಲ್ಡ್ ಎಂಬ ಇಬ್ಬರು 2023ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗವೊಂದುಂಟು. ಸಾರ್ವಜನಿಕ ಸಂಸ್ಥೆಗಳಿಗೆ ದಾನ ಕೊಟ್ಟ ಲಕ್ಷಗಟ್ಟಲೆ ಜನರಲ್ಲಿ ಕೆಲವರಿಗೆ ಫೋನಿನಲ್ಲಿ ವಂದನೆ ಹೇಳಲಾಯಿತು, ಉಳಿದವರಿಗೆ ಇಲ್ಲ. ಮರುವರ್ಷದ ದಾನ ಹೆಚ್ಚುವುದೆಂದು ತಿಳಿದವರೆಲ್ಲ ಭವಿಷ್ಯ ನುಡಿದಿದ್ದರು. ಏನೂ ಹೆಚ್ಚಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಲ್ಲರಿಗೂ ಒಂದೇ ಮಾತು ಒಪ್ಪಿಸುವುದು ಪಾಠ ಒಪ್ಪಿಸಿದಂತೆ. ಕೇಳುವವರಿಗೆ ಅದು ತಟ್ಟದು. ವಂದನೆಯನ್ನು ಬಿತ್ತಿ ಹಣ ಕೊಯ್ಯುತ್ತೇನೆಂದು ಹೊರಟವರು ಈ ಲೆಕ್ಕವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ಒಂದು ಧರ್ಮಸೂಕ್ಷ್ಮವೂ ಇದೆ. ಲಾಭಕ್ಕಾಗಿ ಹೇಳಿದ ಕೃತಜ್ಞತೆ ಕೃತಜ್ಞತೆಯೇ? ವರ್ತಕರು ಗಿರಾಕಿ ಮತ್ತೆ ಬರಲೆಂದು ಬಯಸುವುದು ತಪ್ಪಲ್ಲ. ಸೊಪ್ಪಿನವಳಿಗೂ ಆ ಬಯಕೆ ಇದೆ. ಆದರೆ ಅವಳು ಕೊಸರು ಹಾಕುವಾಗ, ನಾಳೆಯೂ ಬಾ ಎಂದು ಕರಾರು ಮಾಡಿಸಿಕೊಳ್ಳುವುದಿಲ್ಲ. ಕಾಗದಕ್ಕೂ ಅದೇ ಮಾತು. ಕೊನೆಯಲ್ಲಿ "ದಸರಾಕ್ಕೆ ವಿಶೇಷ ರಿಯಾಯಿತಿ ಇದೆ, ತಪ್ಪದೆ ಬನ್ನಿ" ಎಂದು ಒಂದು ಸಾಲು ಸೇರಿಸಿದಿರೋ, ಮೇಲಿನ ನಾಲ್ಕು ಸಾಲೂ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಯಿತು. ರಿಯಾಯಿತಿ ತಿಳಿಸಬೇಕಾದರೆ ಬೇರೆ ಕಾಗದವಿದೆ, ಪತ್ರಿಕೆಯಿದೆ. ಈಚೆಗೆ ಪರದೇಶಗಳಲ್ಲಿ ಲೇಖನಿ ಹಿಡಿದು ಮನುಷ್ಯರಂತೆ ಬರೆಯುವ ಯಂತ್ರಗಳೂ ಬಂದಿವೆ. ಶಾಯಿ ನಿಜದ್ದು, ಕೈ ಮಾತ್ರ ಇಲ್ಲ. ಇದನ್ನು ಕಂಡು ನನಗೆ ನಗಬೇಕೋ ಅಳಬೇಕೋ ತಿಳಿಯದು. ಓದಿದವರಿಗೆ ಇದು ಯಂತ್ರದ್ದೆಂದು ಗೊತ್ತಾದ ದಿನ ಅಚ್ಚಿನ ಕಾಗದಕ್ಕಿರುವ ಮರ್ಯಾದೆಯೂ ಅದಕ್ಕೆ ಉಳಿಯದು.

ಜನ ಬರೆಯದಿರುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ, ಹೆದರಿಕೆ ಮುಖ್ಯ ಕಾರಣ. "ನಮಗೆ ಬರವಣಿಗೆ ಬರೋಲ್ಲ ಸಾರ್, ಕಾಗುಣಿತ ತಪ್ಪುತ್ತೆ" ಎಂಬ ಮಾತನ್ನು ಪದವಿ ಪಡೆದವರ ಬಾಯಲ್ಲೂ ಕೇಳಿದ್ದೇನೆ. 2018ರಲ್ಲಿ ಅಮಿತ್ ಕುಮಾರ್, ನಿಕೊಲಾಸ್ ಎಪ್ಲಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವಿಚಾರಿಸಿ ನೋಡಿದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು, ನಮ್ಮ ಮಾತಿನ ಕುಂದು ಎದ್ದು ಕಂಡೀತು ಎಂದು ಅಳುಕಿದ್ದರು. ಓದಿದವರಿಗೆ ಅಷ್ಟು ಮುಜುಗರವಾಗಲಿಲ್ಲ. ಬರೆದವರು ಎಣಿಸಿದ್ದಕ್ಕಿಂತ ಹೆಚ್ಚು ಸಂತೋಷವೇ ಆಯಿತು. ಅವರು ನೋಡಿದ್ದು ಪದಗಳನ್ನಲ್ಲ, ಆತ್ಮೀಯತೆಯನ್ನು. ವ್ಯಾಕರಣದ ಮೇಷ್ಟರ ಬಾಯಿಂದ ಈ ಮಾತು ಬರಬಾರದು, ಆದರೂ ಹೇಳುತ್ತೇನೆ: ಮಹಾಪ್ರಾಣ ಒಂದೆರಡು ಬಿಟ್ಟುಹೋದರೆ ಹೋಗಲಿ. ಹೆಸರನ್ನು ಮಾತ್ರ ತಪ್ಪಬೇಡಿ. ಶಂಕರಪ್ಪನವರನ್ನು ಸಂಕರಪ್ಪ ಎಂದು ಬರೆದಿರೋ, ಅರ್ಥವೇ ಕೆಟ್ಟಿತು! ಇನ್ನೊಂದು ಸಂಗತಿ: ಗ್ರೈಂಡರು ಕೊಂಡವರು ಮನೆಯಾಕೆಯಾದರೆ ಕಾಗದ ಆಕೆಯ ಹೆಸರಿಗೇ ಹೋಗಲಿ. ಯಜಮಾನರ ಹೆಸರಿಗೆ ಬರೆಯುವ ಹಳೆಯ ಪದ್ಧತಿಯಿಂದ ಇಬ್ಬರಿಗೂ ಸಂತೋಷವಿಲ್ಲ.

ಉಭಯಕುಶಲೋಪರಿ ಮುಂತಾದ ಹಿಂದಿನ ಒಕ್ಕಣೆ ನನಗೆ ಪ್ರಿಯವಾದದ್ದೇ. ಅಂಗಡಿಯ ಕಾಗದಕ್ಕೆ ಅದು ಭಾರವಾಗುತ್ತದೆ. ವಂದನೆಗಳು ಎಂದು ತೊಡಗಿ, ಕೆಳಗೆ ತಮ್ಮ ವಿಶ್ವಾಸಿ ಎಂದು ಬರೆದು ಕೈಯಲ್ಲೇ ಸಹಿ ಹಾಕಿದರೆ ಸಾಕು. ರಬ್ಬರು ಮೊಹರು ಬೇಡ. ಎರಡು ಮೂರು ದಿನದೊಳಗೆ ಬರೆಯಬೇಕು. ತಡವಾದರೆ ಮುಖ ಮರೆಯುತ್ತದೆ, ಮರೆತ ಮೇಲೆ ಬರೆಯುವುದೆಲ್ಲ ಅಚ್ಚಿನ ಕಾಗದವೇ. ಎಲ್ಲರಿಗೂ ಬರೆಯಬೇಕೆಂದಿಲ್ಲ. ದಿನಕ್ಕೆ ಇಬ್ಬರಿಗೆ, ಗಲ್ಲಾ ಎಣಿಸುವುದಕ್ಕೆ ಮೊದಲು.

ಅಂಚೆಯ ಕಾರ್ಡು ನಮ್ಮ ದೇಶಕ್ಕೆ ಬಂದದ್ದು 1879ರಲ್ಲಿ, ಕಾಲಾಣೆಯ ಬೆಲೆಗೆ. ಇಂದಿಗೂ ಅಂಚೆಯಲ್ಲಿ ಅದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಕಾರ್ಡು ತೆರೆದ ಕಾಗದ. ಅದನ್ನು ಅಂಚೆಯವರು, ಮನೆಯವರು, ನೆರೆಯವರು ಎಲ್ಲರೂ ಓದಬಲ್ಲರು. ಒಡವೆ ಕೊಂಡವರಿಗೆ ಕಾರ್ಡಿನಲ್ಲಿ ಬರೆಯಲೇಬಾರದು. ಔಷಧದ ಅಂಗಡಿಯವರು ಯಾವ ಬಗೆಯಲ್ಲೂ ಬರೆಯದಿರುವುದೇ ಲೇಸು. ಬೆಲೆಯನ್ನಂತೂ ಎಲ್ಲಿಯೂ ಕಾಣಿಸಕೂಡದು. ಅತ್ತೆಗೆ ತಿಳಿಯದಂತೆ ಸೀರೆ ಕೊಂಡ ಸೊಸೆಯ ಮನೆಗೆ ನಿಮ್ಮ ಕಾಗದ ಹೋದರೆ ಆಗುವ ಅನಾಹುತವನ್ನು ನಾನು ವರ್ಣಿಸಬೇಕಾಗಿಲ್ಲ. ಲಕೋಟೆಗೆ ಸ್ವಲ್ಪ ಹೆಚ್ಚು ಬಿದ್ದರೂ ಅದೇ ಕ್ಷೇಮ. ವಿಳಾಸವನ್ನು ಬಿಲ್ಲಿಗಾಗಿ ಕೊಟ್ಟಿರುತ್ತಾರೆ. ಕಾಗದ ಹಾಕಬಹುದೆ ಎಂದು ಆಗಲೇ ಒಂದು ಮಾತು ಕೇಳಿಕೊಂಡಿರಿ.

ಇದನ್ನು ಓದುತ್ತಿರುವವರಲ್ಲಿ ಅಂಗಡಿ ಇಟ್ಟವರಿಗಿಂತ ಅಂಗಡಿಗೆ ಹೋಗುವವರೇ ಹೆಚ್ಚು ಎಂದು ಬಲ್ಲೆ. ನಿಮಗೂ ಈ ದಾರಿ ತೆರೆದಿದೆ. ಹೇಳಿದ ದಿನಕ್ಕೆ ರವಕೆ ಹೊಲಿದುಕೊಟ್ಟ ದರ್ಜಿ, ಮಧ್ಯಾಹ್ನದ ಬಿಸಿಲಲ್ಲಿ ಬಂದು ನಲ್ಲಿ ರಿಪೇರಿ ಮಾಡಿದವರು, ನಿಮ್ಮ ರೇಡಿಯೋದ ಗೊರಗೊರ ನಿಲ್ಲಿಸಿದ ಹುಡುಗ, ಇವರಿಗೆ ಜೀವಮಾನದಲ್ಲಿ ಯಾರೂ ಒಂದು ಸಾಲು ಬರೆದಿರಲಾರರು. ಬರೆದು ನೋಡಿ. ಪಿನ್ ಕೋಡನ್ನು ಮರೆಯಬೇಡಿ. ಟಪಾಲು ಹೊರಡುವ ವೇಳೆಯನ್ನು ಅಂಚೆಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ, ಅದಕ್ಕೆ ಮುಂಚೆ ಹಾಕಿದರೆ ಹತ್ತಿರದ ಊರಿಗಾದರೆ ನಾಳೆಯೋ ನಾಳಿದ್ದೋ ಮುಟ್ಟೀತು.